ಬಾಗಿಲ ಬಳಿಯ ವೃದ್ಧರು

ಮುಪ್ಪು ಅರಸನನ್ನೂ ಬಿಟ್ಟುದಿಲ್ಲ, ಆಳನ್ನೂ ಬಿಟ್ಟುದಿಲ್ಲ. ಆದರೆ ತನ್ನ ಮುಪ್ಪಿನ ರೂಪವನ್ನು ಮುಂದಿನವರು ನೋಡುವಂತೆ ಉಳಿಸಿಹೋಗುವ ಭಾಗ್ಯವು ಬಹುಕಾಲದವರೆಗೆ ಸಿರಿವಂತರಿಗೇ ಮೀಸಲಾಗಿದ್ದಿತು. ರಾಜರೂ ಪ್ರಧಾನರೂ ದೊಡ್ಡ ವರ್ತಕರೂ ತಮ್ಮ ನರೆತ ತಲೆಯನ್ನು ಚಿತ್ರಕಾರರಿಂದ ಬರೆಯಿಸಿ ಗೋಡೆಗೆ ತೂಗುಹಾಕಿದರು. ಬಡವನು ಮುದುಕನಾದಾಗ ಎಲ್ಲಿ ಕುಳಿತನು, ಏನನ್ನುಟ್ಟನು, ಯಾರ ಮುಖವನ್ನು ನೋಡಿಕೊಂಡು ದಿನ ಕಳೆದನು ಎಂಬುದನ್ನು ಬರೆದಿಡುವ ಗೋಜಿಗೆ ಹೋದವರು ವಿರಳ. 1839ರಲ್ಲಿ ಫ್ರಾನ್ಸ್ ದೇಶದ ದಗೇರನ ಛಾಯಾಗ್ರಹಣ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಮುಂದೆ ಅರವತ್ತು ಎಪ್ಪತ್ತು ವರ್ಷಗಳೊಳಗಾಗಿ ಈ ಕಲೆಯು ಅಗ್ಗವಾಗಿ, ಚಿತ್ರದ ಅಂಚೆಕಾರ್ಡುಗಳ ರೂಪದಲ್ಲಿ ಊರೂರಿಗೂ ಹಬ್ಬಿತು. ಆಗ ಬಡ ವೃದ್ಧರ ಮುಖಗಳೂ ಮೊದಲ ಬಾರಿಗೆ ನಮಗೆ ದೊರೆಯಲಾರಂಭಿಸಿದುವು. ಅವುಗಳಲ್ಲಿ ಒಂದು ಗುಂಪಿನ ಚಿತ್ರಗಳನ್ನು ವಾಚಕರ ಮುಂದಿಟ್ಟು, ಅವು ಏನನ್ನು ಹೇಳುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ವಿಚಾರಿಸಬೇಕೆಂದು ನಾವು ಬಯಸುತ್ತೇವೆ. ಅವು ಇಂಗ್ಲೆಂಡಿನ ವೃದ್ಧರ ಧರ್ಮಗೃಹಗಳ ಹಳೆಯ ಛಾಯಾಚಿತ್ರಗಳು.

ಇಂಗ್ಲಿಷರು 'ಆಮ್ಸ್‌ಹೌಸ್' ಎಂದು ಕರೆಯುವ ಈ ಧರ್ಮಗೃಹವು ನಮ್ಮ ಛತ್ರದಂತಹುದಲ್ಲ. ಛತ್ರವು ದಾರಿಹೋಕರಿಗೆ, ಒಂದೆರಡು ದಿನ ತಂಗಿ ಮುಂದಕ್ಕೆ ಸಾಗುವವರಿಗೆ. ಧರ್ಮಗೃಹವಾದರೋ ದಾರಿ ಮುಗಿದವರಿಗೆ. ದುಡಿಯುವ ಶಕ್ತಿ ಉಡುಗಿದ ಮುದುಕರೂ ದಿಕ್ಕಿಲ್ಲದ ವಿಧವೆಯರೂ ಅಲ್ಲಿಗೆ ಬಂದರೆ, ಸಾಮಾನ್ಯವಾಗಿ ಉಸಿರಿರುವ ತನಕ ಅಲ್ಲಿಯೇ ಇರುವರು. ಬಿಷಪ್ಪನೋ, ಸಾಮಂತನೋ, ವರ್ತಕ ಸಂಘವೋ ಇದಕ್ಕಾಗಿ ಭೂಮಿ ಕಾಣಿಗಳನ್ನು ಬಿಟ್ಟುಕೊಟ್ಟಿರುವುದು. ಅಂಗಳದ ಸುತ್ತಲೂ ಸಾಲಾಗಿ ಚಿಕ್ಕ ಚಿಕ್ಕ ಮನೆಗಳು, ಒಂದು ಪ್ರಾರ್ಥನಾಮಂದಿರ, ಮೇಲ್ವಿಚಾರಕನಿಗೊಂದು ಮನೆ. ಇದು ಅವುಗಳ ಸಾಮಾನ್ಯ ರೂಪ. ನಿವಾಸಿಗಳಿಗೆ ವಾರಕ್ಕಿಷ್ಟು ಹಣ, ಚಳಿಗಾಲಕ್ಕಿಷ್ಟು ಕಲ್ಲಿದ್ದಲು, ಆಗಾಗ್ಗೆ ಬಟ್ಟೆ ದೊರೆಯುವ ಏರ್ಪಾಡು ಅನೇಕ ಕಡೆಗಳಲ್ಲಿ ಇದ್ದಿತು.

ವಿಂಚೆಸ್ಟರ್ ಪಟ್ಟಣದ ಹೊರವಲಯದಲ್ಲಿರುವ ಸೇಂಟ್ ಕ್ರಾಸ್ ಇವುಗಳಲ್ಲಿ ಅತಿ ಪುರಾತನವಾದವುಗಳ ಪೈಕಿ ಒಂದು. ಬಿಷಪ್ ಹೆನ್ರಿ ಎಂಬಾತನು 1130ರ ದಶಕದಲ್ಲಿ ಇದನ್ನು ಸ್ಥಾಪಿಸಿದನು. 1445ರಲ್ಲಿ ಕಾರ್ಡಿನಲ್ ಬೋಫರ್ಟನು ಇದನ್ನು ವಿಸ್ತರಿಸಿದನು. ಮೊದಲಿನವನ ಧರ್ಮಕ್ಕೆ ಸೇರಿದ ವೃದ್ಧರು ಕರಿಯ ನಿಲುವಂಗಿಯನ್ನೂ, ಎರಡನೆಯವನ ಧರ್ಮಕ್ಕೆ ಸೇರಿದವರು ಕೆಂಪು ನಿಲುವಂಗಿಯನ್ನೂ ಧರಿಸುವರು; ಎದೆಯ ಮೇಲೆ ಅವರವರ ಬಿರುದಿನ ಲಾಂಛನವಿರುವುದು. ಹೆಬ್ಬಾಗಿಲಿಗೆ ಬಂದು ಕೇಳಿದ ದಾರಿಹೋಕನಿಗೆ ಒಂದು ತುಣುಕು ರೊಟ್ಟಿಯನ್ನೂ ಕೊಂಬಿನ ಪಾತ್ರೆಯಲ್ಲಿ ಗುಟುಕು ಬೀರನ್ನೂ ಕೊಡುವ ಪದ್ಧತಿಯು ಇಲ್ಲಿ ಇಂದಿಗೂ ನಿಂತಿಲ್ಲ. ಇಂತಹ ನೋಟವು ಅಂಚೆಕಾರ್ಡಿನವರಿಗೆ ಹಬ್ಬವೇ ಸರಿ. ಇಪ್ಪತ್ತನೆಯ ಶತಮಾನದ ಆರಂಭದ ಕಾರ್ಡುಗಳಲ್ಲಿ ನಿಲುವಂಗಿ ತೊಟ್ಟ ಈ ಹಿರಿಯರು ಕಲ್ಲಿನ ಕಮಾನಿನ ಕೆಳಗೆ, ಕಲ್ಲಿನಷ್ಟೇ ನಿಶ್ಚಲವಾಗಿ ನಿಂತಿದ್ದಾರೆ. ಅವರ ಹಿಂದೆ ಹದಿನೈದನೆಯ ಶತಮಾನದ ಮನೆಗಳ ಸಾಲು. ಅದರ ಮೇಲೆ ಎತ್ತರವಾದ ಹೊಗೆಗೂಡುಗಳ ಸಾಲು. ಆ ಹೊಗೆಗೂಡುಗಳನ್ನು ವಾಚಕರು ಮರೆಯಬಾರದೆಂದು ಕೋರುತ್ತೇವೆ. ಅವುಗಳ ಮಾತು ಮುಂದೆ ಬರಲಿದೆ.

ನಾರ್ಫೋಕ್ ಪ್ರಾಂತದ ಕ್ಯಾಸಲ್ ರೈಸಿಂಗ್ ಎಂಬ ಹಳ್ಳಿಯಲ್ಲಿ ಹೆಂಗಸರಿಗಾಗಿಯೇ ಒಂದು ಧರ್ಮಗೃಹವಿದೆ. ಅದನ್ನು ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ನಾರ್ಥಾಂಪ್ಟನ್ನಿನ ಅರ್ಲ್ ಹೆನ್ರಿ ಹವರ್ಡನು ಕಟ್ಟಿಸಿದನು. ಇಲ್ಲಿಯ ವೃದ್ಧೆಯರು ಹಬ್ಬಹರಿದಿನಗಳಲ್ಲಿ ಹವರ್ಡ್ ಮನೆತನದ ಲಾಂಛನವುಳ್ಳ ಕೆಂಪು ಮೇಲುವಸ್ತ್ರವನ್ನು ಹೊದ್ದು, ತಲೆಯ ಮೇಲೆ ಮೊನಚಾದ ಎತ್ತರದ ಕಪ್ಪು ಟೋಪಿಯನ್ನಿಟ್ಟು ದೇವಾಲಯಕ್ಕೆ ಹೊರಡುವರು. ಹಳೆಯ ಚಿತ್ರಗಳಲ್ಲಿ ಈ ಅಜ್ಜಿಯರನ್ನು ಕಂಡರೆ ಮಕ್ಕಳ ಕಥೆಯ ಪುಸ್ತಕದಿಂದ ಇಳಿದುಬಂದವರಂತೆ ತೋರುವುದು. ನೋಡುವವನ ತುಟಿಯಲ್ಲಿ ನಗೆ ಮೂಡಬಹುದು. ಆದರೆ ಒಂದು ಕ್ಷಣ ತಡೆದು ಆ ಮುಖಗಳನ್ನೇ ನೋಡಿದರೆ ನಗೆಯು ತಾನಾಗಿ ಅಡಗುವುದು. ತನ್ನ ಜನ್ಮದಲ್ಲಿ ತಾನು ಆರಿಸದ ಉಡುಪನ್ನು ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ತೊಟ್ಟು, ಮುನ್ನೂರು ವರ್ಷಗಳ ಹಿಂದೆ ತೀರಿಹೋದ ಪ್ರಭುವಿನ ಗುರುತನ್ನು ಎದೆಯ ಮೇಲೆ ಹೊತ್ತು ನಿಲ್ಲುವುದು ಎಂತಹ ಅನುಭವವಾಗಿರಬೇಕು!

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮವರು ಹೇಳುವ ಗಾದೆಗೆ ಇಲ್ಲಿ ಹೊಸದೊಂದು ಅರ್ಥವೇ ಹುಟ್ಟಿದಂತಾಗಿದೆ. ಈ ಚಿತ್ರಗಳಲ್ಲಿ ಕಾಣುವ ನೋಟವೆಲ್ಲವೂ ದಾತೃವಿನ ಇಚ್ಛೆ. ಉಡುಪು ಆತನದು, ಲಾಂಛನ ಆತನದು. ಅನೇಕ ಕಡೆ ಬಾಗಿಲ ಮೇಲಿನ ಶಿಲಾಶಾಸನವೂ ಆತನದೇ. ವೃದ್ಧರು ಆತನ ಔದಾರ್ಯಕ್ಕೆ ಸಾಕ್ಷಿಗಳಾಗಿ ನಿಂತಿದ್ದಾರೆ. ಅದಲ್ಲದೆ, ಚಿತ್ರದೊಳಗೆ ಬರಲು ಯೋಗ್ಯತೆಯಿದ್ದವರು ಯಾರೆಂಬುದನ್ನೂ ಆತನೇ ಗೊತ್ತುಮಾಡಿದ್ದನು. ಕ್ಯಾಸಲ್ ರೈಸಿಂಗಿನ ಕಟ್ಟಳೆಯ ಪ್ರಕಾರ ಅಲ್ಲಿಗೆ ಸೇರುವ ಹೆಂಗಸಿಗೆ ಕಡಮೆಯೆಂದರೆ 56 ವರ್ಷ ವಯಸ್ಸಾಗಿರಬೇಕು. ಆಕೆ ಒಂಟಿಯಾಗಿರಬೇಕು, ದೈವಭಕ್ತಿಯುಳ್ಳವಳಾಗಿರಬೇಕು. ಭಿಕ್ಷುಕಿಯೋ ಕುಡುಕಿಯೋ ಜಗಳಗಂಟಿಯೋ ಆಗಿರಬಾರದು. ಮದುವೆಯಾದರೆ ಸ್ಥಾನವನ್ನು ಬಿಟ್ಟುಕೊಡಬೇಕು. ಜಗಳಗಂಟಿಯಾದ ಮುದುಕಿಗೂ ಚಳಿಯಾಗುವುದಿಲ್ಲವೇ ಎಂದು ನಾವು ಕೇಳಬಹುದು. ಆ ಪ್ರಶ್ನೆಗೆ ಈ ಚಿತ್ರಗಳಲ್ಲಿ ಉತ್ತರವಿಲ್ಲ. ದಯೆಯು ಎಣಿಸಿ ಅಳೆದು ಕೊಟ್ಟದ್ದು. ಅದಕ್ಕೆ ಪ್ರತಿಯಾಗಿ ಹಂಗು ಎಂಬುದನ್ನು ಮಡಿಲಲ್ಲಿ ಕಟ್ಟಿಕೊಳ್ಳಲೇಬೇಕಾಗಿದ್ದಿತು.

ಹಣದ ಮಾತೂ ಚಿತ್ರದಲ್ಲಿ ಕಾಣಬರುವುದಿಲ್ಲ. ಸೇಂಟ್ ಕ್ರಾಸಿನ ಮೇಲ್ವಿಚಾರಕನಾಗಿ 1808ರಲ್ಲಿ ನೇಮಕಗೊಂಡ ಗಿಲ್ಫರ್ಡಿನ ಅರ್ಲನು ಧರ್ಮದ ಆದಾಯದ ಬಹುಭಾಗವನ್ನು ತಾನೇ ಅನುಭವಿಸುತ್ತಿದ್ದನು. ಇದು ಹೊರಬಿದ್ದು ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ವಿಷಯವು ನ್ಯಾಯಾಲಯದವರೆಗೂ ಹೋಯಿತು. ಆಂತನಿ ಟ್ರೋಲಪನು 1855ರಲ್ಲಿ ಪ್ರಕಟಿಸಿದ 'ದಿ ವಾರ್ಡನ್' ಎಂಬ ಕಾದಂಬರಿಯ ವಸ್ತುವು ಇಂತಹ ವಿವಾದಗಳಿಂದಲೇ ಹುಟ್ಟಿದುದು. ದೇವರಿಗೆಂದು ಬಿಟ್ಟ ಮಾನ್ಯವು ಪೂಜಾರಿಯ ಪಾಲಾಗುವ ಕಥೆ ನಮ್ಮ ನಾಡಿಗೂ ಹೊಸದೇನಲ್ಲವಾದುದರಿಂದ ಇದನ್ನು ಹೆಚ್ಚು ಬೆಳೆಸುವುದಿಲ್ಲ.

ಇನ್ನು ಆ ಮುಖಗಳ ವಿಚಾರ. ಹಳೆಯ ಚಿತ್ರಗಳನ್ನು ನೋಡಿದ ಇಂದಿನವರು, 'ಆ ಕಾಲದಲ್ಲಿ ಜನರು ಬೇಗನೆ ಮುದುಕರಾಗುತ್ತಿದ್ದರು' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ. 56 ವರ್ಷದವಳನ್ನು ಧರ್ಮಗೃಹಕ್ಕೆ ಅರ್ಹಳಾದ ವೃದ್ಧೆಯೆಂದು ಎಣಿಸಿದುದೇ ಅದಕ್ಕೆ ನಿದರ್ಶನ. ಹೊಲಗೆಲಸವೂ ಬಟ್ಟೆ ಒಗೆಯುವ ಕೆಲಸವೂ ದೇಹವನ್ನು ಬೇಗನೆ ಸವೆಯಿಸುತ್ತಿದ್ದುವು. ಹಲ್ಲು ಬಿದ್ದರೆ ಹೊಸದನ್ನು ಕಟ್ಟಿಸುವ ಅನುಕೂಲವು ಬಡವರಿಗಿರಲಿಲ್ಲವಾಗಿ ಕೆನ್ನೆಗಳು ಗುಳಿಬೀಳುತ್ತಿದ್ದುವು. ಆದರೆ ಉಳಿದರ್ಧವು ಕ್ಯಾಮೆರಾದ ಮಾಯೆ. ಆ ಕಾಲದ ಗಾಜಿನ ಫಲಕಗಳಿಗೆ ಬೆಳಕು ಬೀಳಲು ಹೆಚ್ಚು ಹೊತ್ತು ಬೇಕಾಗುತ್ತಿದ್ದಿತು. ಅಲುಗಾಡದೆ, ಉಸಿರು ಬಿಗಿಹಿಡಿದು ಕುಳಿತವನ ಮುಖದಲ್ಲಿ ನಗೆಯು ನಿಲ್ಲುವುದೆಂತು? ಶೋಕವೆಂದು ನಾವು ತಿಳಿಯುವುದು ಎಷ್ಟೋ ವೇಳೆ ಬರಿಯ ತಾಳ್ಮೆ.

ಇನ್ನೊಂದು ತಪ್ಪುಕಲ್ಪನೆಯನ್ನೂ ಇಲ್ಲಿಯೇ ತಿದ್ದಬೇಕು. 1901ರ ಸುಮಾರಿನಲ್ಲಿ ಇಂಗ್ಲೆಂಡಿನ ಸರಾಸರಿ ಆಯುಷ್ಯವು 50 ವರ್ಷಕ್ಕೂ ಕಡಮೆಯಿದ್ದಿತೆಂಬುದು ನಿಜ. ಅದರಿಂದ, ಆಗ ಮುದುಕರೇ ಇರಲಿಲ್ಲವೆಂದು ತಿಳಿಯಬಾರದು. ಅಷ್ಟೊಂದು ಶಿಶುಗಳು ಎಳವೆಯಲ್ಲಿಯೇ ಸಾಯುತ್ತಿದ್ದುದರಿಂದ ಸರಾಸರಿಯು ಕೆಳಗಿಳಿಯಿತು. 65 ವರ್ಷ ಮುಟ್ಟಿದವನು ಸರಾಸರಿ ಮತ್ತೆ 11 ವರ್ಷಗಳಷ್ಟು ಬದುಕುತ್ತಿದ್ದನು. ಎಂದರೆ ಮುಪ್ಪು ಆಗಲೂ ದೀರ್ಘವೇ. ಅದನ್ನು ಕಳೆಯುವ ಸ್ಥಳ ಯಾವುದು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಚಿತ್ರಗಳ ಮುಂಭಾಗದಲ್ಲಿ ಹುಡುಕಿದರೆ ಸಿಕ್ಕದು, ಹಿಂಭಾಗದಲ್ಲಿ ನೋಡಬೇಕು. ಧರ್ಮಗೃಹಗಳ ಹಳೆಯ ಚಿತ್ರಗಳಲ್ಲಿ ಹೆಚ್ಚಿನವು ಹೊರಗೆ, ಹಗಲು ಬೆಳಕಿನಲ್ಲಿ ತೆಗೆದವು. ಒಳಗಿನ ಕತ್ತಲೆಯ ಕೋಣೆಗಳಲ್ಲಿ ಚಿತ್ರ ತೆಗೆಯುವುದು ಸುಲಭವಾಗಿರಲಿಲ್ಲ. ಮೆಗ್ನೀಸಿಯಂ ಪುಡಿಯ ಮಿಂಚುಬೆಳಕು ಬಳಕೆಗೆ ಬಂದುದು 1887ರ ತರುವಾಯ. ಆದುದರಿಂದ ವೃದ್ಧರು ತಮ್ಮ ತಮ್ಮ ಬಾಗಿಲುಗಳ ಬಳಿ ನಿಂತೋ ಕುಳಿತೋ ಇದ್ದಾರೆ. ಛಾಯಾಗ್ರಾಹಕನು ಅನಿವಾರ್ಯವಾಗಿ ಮಾಡಿದ ಈ ಏರ್ಪಾಡು ತಾನು ಅರಿಯದೆಯೇ ಸತ್ಯವನ್ನು ಹಿಡಿದಿದೆ. ಪ್ರತಿಯೊಬ್ಬರ ಹಿಂದೆಯೂ ಒಂದು ಬಾಗಿಲು. ಬಾಗಿಲಿಗೆ ಒಂದು ಹೊಸ್ತಿಲು, ಪಕ್ಕಕ್ಕೆ ಒಂದು ಕಿಟಕಿ, ಕಿಟಕಿಯಲ್ಲಿ ಒಮ್ಮೊಮ್ಮೆ ಒಂದು ಹೂವಿನ ಕುಂಡ. ಮೇಲೆ ನಾವು ಮೊದಲೇ ಕಂಡ ಹೊಗೆಗೂಡು: ಎಂದರೆ ಕೆಳಗೆ ತನ್ನದೇ ಒಂದು ಒಲೆ.

ಲಂಡನ್ನಿನ ಗೆಫ್ರಿ ಧರ್ಮಗೃಹವು ಇದಕ್ಕೆ ಒಳ್ಳೆಯ ಸಾಕ್ಷಿ. ಕಬ್ಬಿಣದ ವರ್ತಕರ ಸಂಘಕ್ಕೆ ಸೇರಿದ ಸರ್ ರಾಬರ್ಟ್ ಗೆಫ್ರಿಯು ಬಿಟ್ಟ ಧನದಿಂದ 1714ರಲ್ಲಿ ಕಟ್ಟಿಸಿದ ಈ 14 ಮನೆಗಳು 1914ರಿಂದ ವಸ್ತುಸಂಗ್ರಹಾಲಯವಾಗಿವೆ. ಅವುಗಳಲ್ಲೊಂದನ್ನು ಹಿಂದಿನ ನಿವಾಸಿಗಳ ಕಾಲದಲ್ಲಿ ಇದ್ದಂತೆಯೇ ಅಣಿಗೊಳಿಸಿ ತೋರಿಸುವರು. ಒಬ್ಬೊಬ್ಬರಿಗೆ ದೊರೆಯುತ್ತಿದ್ದುದು ಒಂದೇ ಒಂದು ಕೋಣೆ. ಅಡಿಗೆ, ಊಟ, ನಿದ್ರೆ ಎಲ್ಲವೂ ಅಲ್ಲಿಯೇ. ಚಿಕ್ಕದು, ನಿಜ. ಆದರೆ ಬೇಕೆಂದಾಗ ಬಾಗಿಲು ಹಾಕಿಕೊಳ್ಳಬಹುದು. ಬೇಕೆಂದಾಗ ನೆರೆಯವಳನ್ನು ಒಳಗೆ ಕರೆಯಬಹುದು. ಇಂದು ಗಂಜಿ ಸಾಕು, ನಾಳೆ ಬೇರೆ ಮಾಡೋಣ ಎಂದು ತಾನೇ ನಿಶ್ಚಯಿಸಬಹುದು. ನೋಟ ಪರರಿಚ್ಛೆಯಾದರೂ ಊಟ ತನ್ನಿಚ್ಛೆಯಾಗಿ ಉಳಿಯಿತು.

ಇದರ ಬೆಲೆಯು ತಿಳಿಯಬೇಕಾದರೆ ಈ ಚಿತ್ರಗಳ ಪಕ್ಕದಲ್ಲಿ ಮತ್ತೊಂದು ಬಗೆಯವನ್ನು ಇಟ್ಟು ನೋಡಬೇಕು. ಧರ್ಮಗೃಹದಲ್ಲಿ ಸ್ಥಾನ ದೊರೆತವರು ಕೆಲವರೇ. ಉಳಿದ ನಿರ್ಗತಿಕರಿಗೆ 1834ರ ಬಡವರ ಕಾನೂನು ತೋರಿಸಿದ ದಾರಿ ವರ್ಕ್‌ಹೌಸ್. ಸೋಮಾರಿಗಳು ಅಲ್ಲಿಗೆ ಬರಲು ಹೆದರಲಿ ಎಂದು ಬುದ್ಧಿಪೂರ್ವಕವಾಗಿ ಕಠಿನಗೊಳಿಸಿದ ಸಂಸ್ಥೆಯದು. ಆದರೆ ಕಾಲಕ್ರಮದಲ್ಲಿ ಅದನ್ನು ತುಂಬಿದವರಲ್ಲಿ ಸೋಮಾರಿಗಳಿಗಿಂತ ಮುದುಕರೂ ರೋಗಿಗಳೂ ಹೆಚ್ಚು. ಒಳಕ್ಕೆ ಬಂದವರ ಸ್ವಂತ ಉಡುಪನ್ನು ತೆಗೆದಿರಿಸಿ ಸಂಸ್ಥೆಯ ಉಡುಪನ್ನು ಕೊಡುತ್ತಿದ್ದರು. ಗಂಡಸರಿಗೊಂದು ಕಡೆ, ಹೆಂಗಸರಿಗೊಂದು ಕಡೆ. ನಲವತ್ತು ವರ್ಷ ಕೂಡಿ ಬಾಳಿದ ದಂಪತಿಗಳನ್ನೂ ಹಾಗೆಯೇ ಅಗಲಿಸಿದರು. 60 ವರ್ಷ ಮೀರಿದ ದಂಪತಿಗಳನ್ನು ಬಲಾತ್ಕಾರವಾಗಿ ಬೇರೆಮಾಡಬಾರದೆಂದು 1847ರಲ್ಲಿ ವಿಧಿಯಾಯಿತಾದರೂ, ಅವರಿಗೆ ಪ್ರತ್ಯೇಕ ಕೋಣೆಗಳಿಲ್ಲದ ಕಡೆ ಆ ವಿಧಿಯು ಕಾಗದದಲ್ಲಿಯೇ ಉಳಿಯಿತು.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ವರ್ಕ್‌ಹೌಸಿನ ಊಟದ ಹೊತ್ತಿನ ಛಾಯಾಚಿತ್ರವೊಂದು ಪ್ರಸಿದ್ಧವಾಗಿದೆ. ಅದು ಇಪ್ಪತ್ತನೆಯ ಶತಮಾನದ ಆರಂಭಕಾಲದ್ದು. ವಿಶಾಲವಾದ ಭೋಜನಶಾಲೆ, ಉದ್ದನೆಯ ಕಿರಿದಾದ ಮೇಜುಗಳು, ಸಾಲು ಸಾಲಾಗಿ ಒಂದೇ ಬಗೆಯ ಉಡುಪಿನ ಹೆಂಗಸರು. ನಮ್ಮ ಊಟದ ಪಂಕ್ತಿಯಂತೆ ಎದುರುಬದುರಾಗಿ ಅವರನ್ನು ಕೂರಿಸಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಮುಖಮಾಡಿ, ಮುಂದಿನವರ ಬೆನ್ನನ್ನು ನೋಡುತ್ತ ಕುಳಿತಿದ್ದಾರೆ. ಆಹಾರವನ್ನು ತೂಗಿ ಕೊಡುವ ನಿಯಮವಿದ್ದಿತು. ಹೊಟ್ಟೆಗೆ ಬಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಬಹುಶಃ ಹೊರಗಿನ ಅನೇಕ ಬಡವರಿಗಿಂತ ಹೊತ್ತಿಗೆ ಸರಿಯಾಗಿಯೇ ಬಿದ್ದಿರಬೇಕು. ಆದರೂ ಆ ಚಿತ್ರವನ್ನು ಬಹಳ ಹೊತ್ತು ನೋಡಲು ಮನಸ್ಸೊಪ್ಪದು. ಅದರಲ್ಲಿ ನೂರಾರು ಹೆಂಗಸರಿದ್ದಾರೆ, ಒಬ್ಬಳ ಹಿಂದೆಯೂ ಬಾಗಿಲಿಲ್ಲ.

ಇವೆರಡರ ಹೊರಗೂ ಉಳಿದವರ ಚಿತ್ರ ಮೂರನೆಯದು. ಜಾನ್ ಥಾಮ್ಸನ್ ಎಂಬ ಛಾಯಾಗ್ರಾಹಕನು 1877ರಲ್ಲಿ ಲಂಡನ್ನಿನ ಬೀದಿಯ ಬಾಳನ್ನು ಚಿತ್ರಿಸಿ ಪ್ರಕಟಿಸಿದ ಮಾಲಿಕೆಯಲ್ಲಿ, ಕಲ್ಲಿನ ಮೆಟ್ಟಿಲ ಮೇಲೆ ಮುದುಡಿ ಕುಳಿತ ಒಬ್ಬ ಹೆಂಗಸಿದ್ದಾಳೆ. ದರ್ಜಿಯೊಬ್ಬನ ವಿಧವೆ, ತಲೆಯು ಒಂದು ಪಕ್ಕಕ್ಕೆ ಒರಗಿದೆ, ತೊಡೆಯ ಮೇಲೆ ಒಂದು ಕೂಸು. ಕೂಸು ಆಕೆಯದಲ್ಲ. ಕೆಲಸಕ್ಕೆ ಹೋದ ಬೇರೊಬ್ಬಳ ಮಗುವನ್ನು ಹಗಲೆಲ್ಲ ನೋಡಿಕೊಂಡರೆ ಆಕೆಗೆ ಸಿಕ್ಕುತ್ತಿದ್ದುದು ಒಂದು ಬಟ್ಟಲು ಚಹಾ, ಸ್ವಲ್ಪ ರೊಟ್ಟಿ. ಆಕೆ ಕುಳಿತ ಮೆಟ್ಟಿಲು ಒಂದು ವರ್ಕ್‌ಹೌಸಿನದೇ. ಆ ಬಾಗಿಲು ಆಕೆಯ ಹಿಂದೆ ಇದ್ದೂ ಆಕೆಯದಲ್ಲ. ಈ ಚಿತ್ರವನ್ನು ಕಂಡವರು ಆಕೆಯ ದೈನ್ಯವನ್ನೇ ಕಾಣುತ್ತಾರೆ. ನಮಗಾದರೋ ಆ ಕೈಗಳು ಮುಖ್ಯವಾಗಿ ತೋರುತ್ತವೆ. ಕುಳಿತಲ್ಲಿಯೇ ತಲೆ ಜೋಲುವಷ್ಟು ದಣಿದಿದ್ದರೂ ಅವು ಕೂಸನ್ನು ಕೈಬಿಟ್ಟಿಲ್ಲ. ಮುಪ್ಪಿನಲ್ಲಿ ಮನುಷ್ಯನಿಗೆ ಬೇಕಾದುದು ಆಶ್ರಯವೊಂದೇ ಅಲ್ಲ, ತನ್ನಿಂದ ಇನ್ನೊಬ್ಬರಿಗೆ ಉಪಯೋಗವಿದೆಯೆಂಬ ಅರಿವೂ ಹೌದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈ ದುರವಸ್ಥೆಗೆ ರಾಜ್ಯವು ಕಂಡುಕೊಂಡ ಪರಿಹಾರವು ಕಟ್ಟಡವಾಗಿರದೆ ನಾಣ್ಯವಾಗಿದ್ದುದು ಗಮನಾರ್ಹ. 1908ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವೃದ್ಧಾಪ್ಯ ವೇತನದ ಕಾಯಿದೆಯನ್ನು ಮಾಡಿತು. 1909ರ ಜನವರಿ 1ನೆಯ ತಾರೀಖಿನಿಂದ, 70 ವರ್ಷ ತುಂಬಿದ ಬಡವರಿಗೆ ಅಂಚೆಕಚೇರಿಯ ಮೂಲಕ ವಾರಕ್ಕೆ 5 ಷಿಲಿಂಗಿನವರೆಗೆ ಹಣ ಸಲ್ಲತೊಡಗಿತು. ಮೊತ್ತವು ಸ್ವಲ್ಪವೇ, ಅದರಿಂದಲೇ ಜೀವನ ಸಾಗುವಂತಿರಲಿಲ್ಲ. ಆದರೆ ಮಗನ ಮನೆಯಲ್ಲಿಯೋ ಮಗಳ ಮನೆಯಲ್ಲಿಯೋ ಇದ್ದ ಮುದುಕಿಯು ವಾರಕ್ಕೊಮ್ಮೆ ತನ್ನ ಕೈಯಿಂದ ಒಂದು ನಾಣ್ಯವನ್ನು ಮೇಜಿನ ಮೇಲಿಡುವುದು ಅದರಿಂದ ಸಾಧ್ಯವಾಯಿತು. ಹಂಗು ಇಳಿಯಿತು, ಬಾಗಿಲು ಉಳಿಯಿತು.

ಬಾಗಿಲಿನ ಮಹತ್ವವನ್ನು ಬಹು ಹಿಂದೆಯೇ ಅರಿತವನೊಬ್ಬನಿದ್ದನು. ಜರ್ಮನಿಯ ಆಗ್ಸ್‌ಬರ್ಗ್ ನಗರದ ಕುಬೇರ ಯಾಕೋಬ್ ಫುಗ್ಗರನು ಬಡವರಿಗಾಗಿ ಸ್ಥಾಪಿಸಿದ 'ಫುಗ್ಗರೈ' ಎಂಬ ವಸತಿಯ ಧರ್ಮಪತ್ರವು 1521ರದು. ಇಲ್ಲಿ ವೃದ್ಧರಷ್ಟೇ ಅಲ್ಲದೆ ಬಡ ಸಂಸಾರಗಳೂ ವಾಸಿಸಿದುವು. ಮೇಲಂತಸ್ತಿನ ಮನೆಗೂ ಕೆಳಗಿನ ಮನೆಗೂ ಬೀದಿಗೆ ತೆರೆಯುವ ಬೇರೆ ಬೇರೆ ಬಾಗಿಲುಗಳು; ಬಾಗಿಲ ಬಳಿ ಗಂಟೆಯ ಹಿಡಿಗಳಿವೆ, ಅವುಗಳ ಆಕಾರ ಒಂದರಂತೆ ಇನ್ನೊಂದಿಲ್ಲ. ಬೀದಿದೀಪಗಳಿಲ್ಲದ ಕಾಲದಲ್ಲಿ ಕತ್ತಲೆಯಲ್ಲಿ ಕೈಯಿಂದ ಮುಟ್ಟಿಯೇ 'ಇದು ನನ್ನ ಮನೆ' ಎಂದು ತಿಳಿಯಲು ಇವು ನೆರವಾದುವೆಂದು ಹೇಳುತ್ತಾರೆ. ವರ್ಷಕ್ಕೆ ಒಂದು ರೈನ್ ಗಿಲ್ಡರ್ ಎಂದು ಗೊತ್ತುಮಾಡಿದ ಬಾಡಿಗೆಯನ್ನು ಇಂದಿಗೂ ಏರಿಸಿಲ್ಲ. ಅದು ಈಗಿನ ಲೆಕ್ಕದಲ್ಲಿ 0.88 ಯೂರೋ, ಎಂದರೆ ಒಂದು ಯೂರೋವಿಗೂ ಕಡಮೆ. ಪ್ರತಿಯಾಗಿ ದಾತೃವಿನ ಹೆಸರಿನಲ್ಲಿ ದಿನಕ್ಕೆ ಮೂರು ಪ್ರಾರ್ಥನೆಗಳನ್ನು ಸಲ್ಲಿಸಬೇಕು. ಹಂಗು ಇಲ್ಲಿಯೂ ಇಲ್ಲದಿಲ್ಲ. ಆದರೆ ಅದನ್ನು ದೇವರ ಮುಂದೆ ತೀರಿಸಿದರಾಯಿತು, ಮೈಮೇಲೆ ಹೊತ್ತು ತಿರುಗಬೇಕಾಗಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಇಂತಹ ಮನೆಗಳಿಗೂ ರಕ್ಷೆಯಿರಲಿಲ್ಲ. 1509ರಲ್ಲಿ ಸ್ಥಾಪಿತವಾದ ಕೊವೆಂಟ್ರಿ ನಗರದ ಫೋರ್ಡ್ ಧರ್ಮಗೃಹದ ಮೇಲೆ 1940ರ ಅಕ್ಟೋಬರಿನಲ್ಲಿ ಬಾಂಬು ಬಿದ್ದು ಆರು ಮಂದಿ ನಿವಾಸಿಗಳೂ, ಮೇಲ್ವಿಚಾರಕಿಯೂ, ದಾದಿಯೂ ಮಡಿದರು. 1944ರ ಫೆಬ್ರವರಿಯಲ್ಲಿ ಫುಗ್ಗರೈ ಸಹ ಬಾಂಬಿಗೆ ತುತ್ತಾಯಿತು. ಒಂದು ಕಡೆ ಜರ್ಮನರ ಬಾಂಬು, ಇನ್ನೊಂದು ಕಡೆ ಮಿತ್ರಪಕ್ಷದವರ ಬಾಂಬು. ಯುದ್ಧ ಮುಗಿದ ತರುವಾಯ ಎರಡು ಊರಿನವರೂ ಹಳೆಯ ರೂಪದಲ್ಲಿಯೇ ಅವನ್ನು ಮತ್ತೆ ಕಟ್ಟಿದರು. ಎರಡರಲ್ಲಿಯೂ ಈಗ ಜನರು ವಾಸವಾಗಿದ್ದಾರೆ. ಶತ್ರುಗಳಾಗಿ ಕಾದಿದವರು ಈ ಒಂದು ವಿಷಯದಲ್ಲಿ ಒಂದೇ ಮನಸ್ಸಿನವರಾಗಿದ್ದರು.

ಇಂದಿಗೂ ಬ್ರಿಟನ್ನಿನಲ್ಲಿ 30,000ಕ್ಕೂ ಹೆಚ್ಚು ಮಂದಿ ಧರ್ಮಗೃಹಗಳಲ್ಲಿ ಬಾಳುತ್ತಿದ್ದಾರೆ. ಲಂಡನ್ನಿನ ಬೇಯ್ಸ್ ವಾಣಿಜ್ಯ ವಿದ್ಯಾಶಾಲೆಯ ಸಂಶೋಧಕರು ಇಂತಹ 15 ಸಂಸ್ಥೆಗಳ ಹಳೆಯ ದಾಖಲೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇವುಗಳ ಪೈಕಿ ಕೆಲವಲ್ಲಿ ವಾಸಿಸುವವರು ತಮ್ಮಷ್ಟೇ ಅನುಕೂಲವುಳ್ಳ ಹೊರಗಿನವರಿಗಿಂತ ಹೆಚ್ಚು ಕಾಲ ಬದುಕುವುದನ್ನು ತೋರಿಸಿದ್ದಾರೆ. ಒಂಟಿತನವಿಲ್ಲದಿರುವುದೂ, ನೆರೆಯವರ ಯೋಗಕ್ಷೇಮದಲ್ಲಿ ತಾವೂ ಕೈಹಾಕುವುದೂ ಇದಕ್ಕೆ ಕಾರಣಗಳಿರಬಹುದೆಂದು ಅವರ ಊಹೆ. ತನ್ನದೊಂದು ಬಾಗಿಲು, ಬಾಗಿಲಾಚೆಗೆ ಕೂಗಿದರೆ ಓಗೊಡುವ ನೆರೆ: ಹಳೆಯ ಛಾಯಾಚಿತ್ರಗಳು ಮೌನವಾಗಿ ತೋರಿಸಿದುದನ್ನೇ ಈ ಲೆಕ್ಕಗಳೂ ಹೇಳುತ್ತಿವೆ.

ಇಷ್ಟನ್ನು ಓದಿ, 'ನಮ್ಮಲ್ಲಿ ತಂದೆತಾಯಿಗಳು ಮನೆಯಲ್ಲಿಯೇ ಇರುವರಷ್ಟೆ, ಇದರ ಚಿಂತೆ ನಮಗೇಕೆ?' ಎಂದು ಗೃಹಸ್ಥರು ಸಮಾಧಾನಪಟ್ಟುಕೊಂಡರೆ ನಮ್ಮ ಬರೆಹವು ವ್ಯರ್ಥವಾದಂತೆಯೇ. ಒಂದೇ ಸೂರಿನ ಕೆಳಗೂ ಧರ್ಮಗೃಹವಿರಬಹುದು, ವರ್ಕ್‌ಹೌಸೂ ಇರಬಹುದು. ಹಿರಿಯರ ಪೆಟ್ಟಿಗೆಯನ್ನು ಅವರನ್ನು ಕೇಳದೆ ಅಟ್ಟಕ್ಕೇರಿಸಿದಾಗ, ಅವರ ಮಂಚವನ್ನು ಹಜಾರದ ಓಡಾಟದ ದಾರಿಯಲ್ಲಿ ಹಾಕಿದಾಗ, 'ನಿಮಗೇಕೆ ಈ ಕೆಲಸ, ಸುಮ್ಮನೆ ಕುಳಿತಿರಿ' ಎಂದು ಅವರ ಕೈಯೊಳಗಿನ ಸೊಪ್ಪಿನ ಮೊರವನ್ನು ಕಿತ್ತುಕೊಂಡಾಗ, ನಮ್ಮ ಉದ್ದೇಶವು ಒಳ್ಳೆಯದೇ ಇರಬಹುದು. ಆದರೆ ಅವರ ಬೆನ್ನ ಹಿಂದಿನ ಬಾಗಿಲೊಂದನ್ನು ನಾವು ಮುಚ್ಚಿದಂತಾಗುವುದಿಲ್ಲವೇ? ಅವರಿಗೊಂದು ಮೂಲೆ, ಆ ಮೂಲೆಗೊಂದು ಬೀಗ, ಆ ಬೀಗದ ಕೈ ಅವರ ಸೆರಗಿನಲ್ಲಿ ಅಥವಾ ಜನಿವಾರದಲ್ಲಿ, ಕೈಗಾಗುವಷ್ಟು ಕೆಲಸ, ಕೈಯಾಡಲು ನಾಲ್ಕು ಕಾಸು. ಇವು ದೊಡ್ಡ ವೆಚ್ಚದವಲ್ಲ.

ಹಿರಿಯರ ಛಾಯಾಚಿತ್ರಕ್ಕೆ ಕಟ್ಟುಹಾಕಿಸಿ ಹೂಮಾಲೆ ತೊಡಿಸುವುದು ನಮ್ಮ ಅನೇಕ ಮನೆಗಳಲ್ಲಿ ಇರುವ ಸಂಪ್ರದಾಯ. ಆ ಚಿತ್ರವನ್ನು ಅವರು ಬದುಕಿರುವಾಗಲೇ, ಅವರ ಇಷ್ಟದ ಸೀರೆಯಲ್ಲಿಯೋ ಪಂಚೆಯಲ್ಲಿಯೋ, ಅವರ ಇಷ್ಟದ ಸ್ಥಳದಲ್ಲಿ ಕೂರಿಸಿ ತೆಗೆಯಿಸಬೇಕೆಂದು ನಾವು ಸೂಚಿಸುತ್ತೇವೆ. ಎಲ್ಲಿ ಕೂರುತ್ತೀರಿ ಎಂದು ಅವರನ್ನೇ ಕೇಳಿರಿ. ಅವರು ಆರಿಸುವ ಸ್ಥಳವು ಮನೆಯಲ್ಲಿ ಯಾವುದು ತಮ್ಮದೆಂದು ಅವರು ತಿಳಿದಿದ್ದಾರೆಂಬುದನ್ನು ಹೇಳುವುದು. ಅವರು ಉತ್ತರ ತೋಚದೆ ನಿಮ್ಮ ಮುಖವನ್ನೇ ನೋಡಿದರೆ, ಚಿತ್ರಕ್ಕೂ ಮೊದಲು ಮಾಡಬೇಕಾದ ಕೆಲಸವೊಂದು ಮನೆಯಲ್ಲಿ ಉಳಿದಿದೆಯೆಂದು ತಿಳಿಯಿರಿ.